ಒಂದು ಪುಸ್ತಕ, ಒಂದೇ ಅಂಕ

2005ರಲ್ಲಿ ಜಾನಕಿ ನಾಯರ್ ಅವರ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್’ ಹೊರಬಂತು. ಇಪ್ಪತ್ತನೇ ಶತಮಾನದ ಬೆಂಗಳೂರಿನ ಚರಿತ್ರೆ ಅದು. ಅದೇ ವರ್ಷ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸಂಶೋಧಕರನ್ನು ಅಳೆಯಲು ಎಚ್-ಸೂಚ್ಯಂಕ ಮುಂದಿಟ್ಟರು.

ಈ ಅಳತೆಗೋಲು ನಗರ ಚರಿತ್ರೆಕಾರರಿಗೆ ಒಗ್ಗುವುದಿಲ್ಲ. 10 ಬರಹಗಳಿಗೆ ತಲಾ 10 ಉಲ್ಲೇಖ ಸಿಕ್ಕರೆ ಸೂಚ್ಯಂಕ 10. ವರ್ಷಗಟ್ಟಲೆ ಕಡತ ಜಾಲಾಡಿ ಬರೆದ ಒಂದೇ ಪುಸ್ತಕವನ್ನು ಸಾವಿರ ಮಂದಿ ಉಲ್ಲೇಖಿಸಿದರೂ ಅದು ಬರೀ 1!

ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ವಿಜ್ಞಾನಕ್ಕೆ ಉಲ್ಲೇಖ ಸೂಚಿ ತಂದಾಗ ಜಾಲಾಡಿದ್ದು ಮುಖ್ಯವಾಗಿ ನಿಯತಕಾಲಿಕೆಗಳನ್ನು. ಚರಿತ್ರೆಕಾರರ ದುಡಿಮೆಯೋ ಹೆಚ್ಚಾಗಿ ಗ್ರಂಥಗಳಲ್ಲಿದೆ. ಫಜ್ಲುಲ್ ಹಸನ್ ಅವರ ‘ಬ್ಯಾಂಗಳೂರ್ ಥ್ರೂ ದಿ ಸೆಂಚುರೀಸ್’ ಬಂದದ್ದು 1970ರಲ್ಲಿ; ಬೆಂಗಳೂರಿನ ಬಗ್ಗೆ ಬರೆಯುವವರು ಇಂದಿಗೂ ಅದನ್ನು ತಿರುವಿಹಾಕುತ್ತಾರೆ.

ಬಡ್ತಿ ಸಮಿತಿಗಳು ಅಂಕ ನೋಡುವ ಮೊದಲು ಪುಸ್ತಕ ಓದಲಿ.