ರಿಲೇ ಹೋಯಿತು, ಡ್ರಾಯಿಂಗ್ ಉಳಿಯಿತು

ಪೀಣ್ಯದ ಕಾರ್ಖಾನೆಗಳಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿಕೊಂಡು ಬಂದ ನನ್ನಂಥವರಿಗೆ ಸುಟ್ಟ ಮೋಟರಿನ ಭಯವಿಲ್ಲ. ಸುಟ್ಟದ್ದು ಕಣ್ಣಿಗೆ ಕಾಣುತ್ತದೆ, ಮೂಗಿಗೂ ತಿಳಿಯುತ್ತದೆ. ಕಾಡುವುದು ಬಂದು ಹೋಗುವ ಫಾಲ್ಟ್. ಆಪರೇಟರ್ ಕರೆದನೆಂದು ಓಡಿಹೋದರೆ ಮಷೀನು ಏನೂ ಆಗದಂತೆ ಓಡುತ್ತಿರುತ್ತದೆ. ಪಿಎಲ್‌ಸಿ (ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್) ಬಂದಮೇಲೆ ಈ ಕಾಟ ತಪ್ಪುತ್ತದೆ ಎಂದು ಬಹಳ ಜನ ನಂಬಿದ್ದರು. ತಪ್ಪಲಿಲ್ಲ.

ಪಿಎಲ್‌ಸಿ ಹುಟ್ಟಿದ್ದೇ ರಿಲೇ ಪ್ಯಾನೆಲ್‌ಗಳ ಕಾಟದಿಂದ. ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಕಾರಿನ ಮಾಡೆಲ್ ಬದಲಾದಾಗಲೆಲ್ಲ ಗೋಡೆಯುದ್ದದ ಪ್ಯಾನೆಲ್‌ಗಳ ವೈರಿಂಗ್ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಗೇರ್‌ಬಾಕ್ಸ್ ತಯಾರಿಸುವ ಅದರ ಹೈಡ್ರಾಮ್ಯಾಟಿಕ್ ವಿಭಾಗ 1968ರಲ್ಲಿ, ರಿಲೇ ಇಲ್ಲದ, ಪ್ರೋಗ್ರಾಂ ಬದಲಿಸಬಹುದಾದ ಕಂಟ್ರೋಲರ್ ಬೇಕೆಂದು ಕೇಳಿತು. ಮ್ಯಾಸಚೂಸೆಟ್ಸ್‌ನಲ್ಲಿ ಡಿಕ್ ಮೋರ್ಲಿ ಮತ್ತು ಸಂಗಡಿಗರು ಆಗಲೇ ಅಂಥದ್ದರ ಬೆನ್ನುಹತ್ತಿದ್ದರು. ಅದು ಅವರ ಬೆಡ್‌ಫರ್ಡ್ ಅಸೋಸಿಯೇಟ್ಸ್‌ನ 84ನೇ ಕೆಲಸವಾದ್ದರಿಂದ ಯಂತ್ರಕ್ಕೆ ಮೋಡಿಕಾನ್ 084 ಎಂದು ಹೆಸರಾಯಿತು.

ಅವರು ಮಾಡಿದ ಜಾಣತನವೆಂದರೆ ಎಲೆಕ್ಟ್ರಿಷಿಯನ್‌ಗೆ ಹೊಸ ಭಾಷೆ ಕಲಿಸಲು ಹೋಗದಿದ್ದದ್ದು. ಎರಡು ಪಕ್ಕ ಎರಡು ಗೆರೆ, ನಡುವೆ ಏಣಿಯ ಮೆಟ್ಟಿಲಿನಂತೆ ಕಾಂಟ್ಯಾಕ್ಟು, ಕಾಯಿಲು; ಅದೇ ಲ್ಯಾಡರ್. ರಿಲೇ ಡ್ರಾಯಿಂಗ್ ಓದಬಲ್ಲವನು ಪ್ರೋಗ್ರಾಂ ಓದಿದ. ರಾತ್ರಿ ಪಾಳಿಯಲ್ಲಿ ಫಾಲ್ಟ್ ಹುಡುಕುವವನ ಮೇಲೆ ಇದಕ್ಕಿಂತ ದೊಡ್ಡ ಗೌರವವನ್ನು ಯಾವ ಇಂಜಿನಿಯರೂ ತೋರಿಸಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ರಿಲೇ ಕಾಲದಲ್ಲಿ ನಾವು ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದೇ ರಿಲೇ ತಟ್ಟುತ್ತ ಹೋಗುತ್ತಿದ್ದೆವು. ಯಾವುದನ್ನು ತಟ್ಟಿದಾಗ ಮಷೀನು ನಿಂತಿತೋ ಅದರ ಕಾಂಟ್ಯಾಕ್ಟು ಕಪ್ಪಾಗಿ ಕುಳಿ ಬಿದ್ದಿರುತ್ತಿತ್ತು. ಆ ಪ್ಯಾನೆಲ್‌ಗಳನ್ನು ಪಿಎಲ್‌ಸಿಗೆ ಬದಲಿಸುವಾಗ ಹಳೆಯ ಡ್ರಾಯಿಂಗನ್ನೇ ಲ್ಯಾಡರ್‌ಗೆ ಇಳಿಸಿದವರು ಬಹಳ. ಗೆರೆಗಳೆಲ್ಲ ಸರಿಯಾಗಿಯೇ ಇಳಿದವು, ವೇಳೆ ಇಳಿಯಲಿಲ್ಲ. ಪ್ಯಾನೆಲ್‌ನಲ್ಲಿ ಎಲ್ಲ ರಿಲೇಗಳೂ ಏಕಕಾಲಕ್ಕೆ ಕೆಲಸ ಮಾಡುತ್ತವೆ. ಪಿಎಲ್‌ಸಿ ಮೊದಲು ಇನ್‌ಪುಟ್‌ಗಳನ್ನು ಓದಿಕೊಳ್ಳುತ್ತದೆ, ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಬಿಡಿಸುತ್ತದೆ, ಆಮೇಲೆ ಔಟ್‌ಪುಟ್ ಕೊಡುತ್ತದೆ. ಒಂದೇ ಕಾಯಿಲನ್ನು ಎರಡು ಕಡೆ ಬರೆದಿದ್ದರೆ ಕೆಳಗಿನದರ ಮಾತೇ ನಡೆಯುತ್ತದೆ. ಇನ್ನು, ಕೆಲವು ಮಿಲಿಸೆಕೆಂಡ್ ಅದುರಿದ ಸ್ವಿಚ್ಚನ್ನು ರಿಲೇ ಲೆಕ್ಕಕ್ಕೇ ಇಡುತ್ತಿರಲಿಲ್ಲ, ಅದು ಬಿಡುವುದೇ ನಿಧಾನ. ಪಿಎಲ್‌ಸಿಯಲ್ಲಿ ಹಾಗಲ್ಲ. ಅದುರಿದ್ದು ಇನ್‌ಪುಟ್ ಫಿಲ್ಟರ್ ದಾಟಿ, ಓದುವ ಕ್ಷಣಕ್ಕೇ ಸರಿಯಾಗಿ ಬಿದ್ದರೆ ಮಷೀನು ನಿಲ್ಲುತ್ತದೆ, ಬೀಳದಿದ್ದರೆ ಓಡುತ್ತದೆ.

ಹೀಗೆ ಬದಲಿಸಿದ ಒಂದು ಹೈಡ್ರಾಲಿಕ್ ಪ್ರೆಸ್ ಅರ್ಧ ಇಳಿದು ನಿಲ್ಲುತ್ತಿತ್ತು. ಪ್ರೋಗ್ರಾಮರ್ ಹಚ್ಚಿ ನೋಡಿದರೆ ಬಾಗಿಲು, ಪಂಪು, ಓವರ್‌ಲೋಡು, ಎಲ್ಲ ಕಾಂಟ್ಯಾಕ್ಟೂ ಸರಿ. ಕಣ್ಣು ಹಿಡಿಯಲಾಗದ್ದನ್ನು ಪ್ರೋಗ್ರಾಮೇ ಹಿಡಿಯಲಿ ಎಂದು ಒಂದೊಂದು ಷರತ್ತಿಗೂ ಒಂದೊಂದು ಮೆಟ್ಟಿಲು ಬರೆದೆವು: ಪ್ರೆಸ್ ಓಡಿಸುವ ರನ್ ಬಿಟ್ ಇರುವಾಗಲೇ ಈ ಷರತ್ತು ಹೋದರೆ, ಬೇರೆ ಗುರುತು ಇನ್ನೂ ಬಿದ್ದಿಲ್ಲದಿದ್ದರೆ, ಈ ಗುರುತನ್ನು ಲ್ಯಾಚ್ ಮಾಡು. ಇವನ್ನು ರನ್ ಮೆಟ್ಟಿಲಿನ ಮೇಲೆಯೇ ಬರೆಯಬೇಕು. ಕೆಳಗೆ ಬರೆದರೆ ಅಷ್ಟರಲ್ಲಿ ರನ್ ಬಿಟ್ ಹೋಗಿಬಿಟ್ಟಿರುತ್ತದೆ, ಬಲೆಗೆ ಏನೂ ಬೀಳುವುದಿಲ್ಲ.

ಬಿದ್ದದ್ದು ಬಾಗಿಲಿನ ಲಿಮಿಟ್ ಸ್ವಿಚ್. ಪಕ್ಕದ ಪವರ್ ಪ್ರೆಸ್ ಬಡಿದಾಗ ಬಾಗಿಲು ಅದುರುತ್ತಿತ್ತು. ಸ್ವಿಚ್ಚಿನ ಬ್ರಾಕೆಟ್ ಸವೆದು, ರೋಲರ್ ತುದಿಯಲ್ಲಷ್ಟೇ ತಾಗಿಕೊಂಡಿತ್ತು. ಒಂದು ಟೈಮರ್ ಹಾಕಿ ಅದುರುವಿಕೆಯನ್ನು ನುಂಗಿಸಿಬಿಡಿ ಎಂದು ಪ್ರೊಡಕ್ಷನ್‌ನವರು ಒತ್ತಾಯಿಸಿದರು. ಬಾಗಿಲು ಇರುವುದು ಆಪರೇಟರ್‌ನ ಕೈ ಉಳಿಸಲು. ಅದನ್ನು ತಡವಾಗಿ ನಂಬುವ ಪ್ರೋಗ್ರಾಂ ನಾನು ಬರೆಯುವುದಿಲ್ಲ ಎಂದೆ. ಹೊಸ ಬ್ರಾಕೆಟ್ ಕಟ್ಟಿ, ಬಾಗಿಲ ಹಳಿಯ ಸಡಿಲ ತೆಗೆದೆವು. ಬಲೆಯ ಮೆಟ್ಟಿಲುಗಳನ್ನು ಅಳಿಸಲಿಲ್ಲ. ಯಾವ ಗುರುತು ಯಾವುದಕ್ಕೆ ಎಂದು ಕಾಮೆಂಟ್ ಬರೆದು, ಒಂದು ಪ್ರಿಂಟ್‌ಔಟ್ ಪ್ಯಾನೆಲ್ ಬಾಗಿಲಿನ ಒಳಗೆ ಇಟ್ಟೆವು.