ಮಣಿಕಟ್ಟಿನಲ್ಲಿ ಕಾಣದ ಗಾಯ

ಜಾರಿ ಬೀಳುವಾಗ ನೀವು ಮೊದಲು ಮಾಡುವುದೇನು? ಅಂಗೈ ಊರುತ್ತೀರಿ. ಮೈಭಾರವೆಲ್ಲ ಮಣಿಕಟ್ಟಿಗೆ ಬಿದ್ದು, ಹೆಬ್ಬೆರಳಿನ ಕಡೆಯ ರೇಡಿಯಸ್ ಮೂಳೆಯ ತುದಿ ಮುರಿಯಬಹುದು. ಬಹುಕಾಲ ಹೆಚ್ಚಿನ ವೈದ್ಯರು ಇದನ್ನು ಕೀಲು ತಪ್ಪಿದ್ದೆಂದೇ ತಿಳಿದಿದ್ದರು. ಇದು ಮೂಳೆಮುರಿತವೆಂದು 1814ರಲ್ಲಿ ಸ್ಪಷ್ಟವಾಗಿ ಬರೆದವರು ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್. ಕ್ಷ-ಕಿರಣ ಬರಲು ಇನ್ನೂ 81 ವರ್ಷ ಬೇಕಿತ್ತು. ಅವರಿಗಿದ್ದ ಸಾಧನ ಕಣ್ಣು ಮತ್ತು ಬೆರಳು. ಲಿಯಾನ್ ನಗರದ ಕ್ಲೋಡ್ ಪೂಟೋ ಇದನ್ನು ಮೊದಲೇ ಹೇಳಿದ್ದರೆನ್ನಿ. ಆದರೂ ಕಾಲಿಸ್ ಹೆಸರೇ ನಿಂತಿತು.

ಮೂಳೆ ಸೊಟ್ಟಗೆ ಕೂಡಿದರೂ ಕೈ ಮುಂದೊಂದು ದಿನ ನೋವಿಲ್ಲದೆ ಆಡುತ್ತದೆಂದು ಕಾಲಿಸ್ ನಂಬಿದ್ದರು. ಎಲ್ಲರಿಗೂ ಹಾಗಾಗಲಿಲ್ಲ. ಮೂಳೆ ನೆಟ್ಟಗೆ ಕೂಡಿದವರಲ್ಲೂ ಕೆಲವರಿಗೆ ನೋವು ಉಳಿಯಿತು. ಏಕೆ?

ನಿಮ್ಮ ಮಣಿಕಟ್ಟನ್ನೊಮ್ಮೆ ತಿರುಗಿಸಿ ನೋಡಿ. ಅಲ್ಲಿ 8 ಪುಟ್ಟ ಮೂಳೆಗಳಿವೆ. ಅವನ್ನು ಒಟ್ಟಿಗೆ ಹಿಡಿದಿರುವುದು ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟ್‌ಗಳು. ದೋಣಿಯಾಕಾರದ ಸ್ಕೇಫಾಯ್ಡ್ ಮತ್ತು ಅರ್ಧಚಂದ್ರಾಕಾರದ ಲ್ಯುನೇಟ್ ನಡುವಿನ ಕಟ್ಟು ಪೂರ್ತಿ ಹರಿದರೆ ಎರಡೂ ಬೇರೆಬೇರೆ ದಿಕ್ಕಿಗೆ ವಾಲುತ್ತವೆ. ವರ್ಷಗಳು ಕಳೆದಂತೆ ಕೀಲಿನ ಮೃದ್ವಸ್ಥಿ ಸವೆಯುತ್ತದೆ.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣ ಮೂಳೆಯನ್ನು ತೋರಿಸಿತೇ ಹೊರತು ಲಿಗಮೆಂಟನ್ನಲ್ಲ. ಮೂಳೆಗಳ ನಡುವೆ ಅಂತರ ಕಂಡರೆ ಮಾತ್ರ ಊಹಿಸಬೇಕು. ಈ ಅಸ್ಥಿರತೆಯ ವ್ಯವಸ್ಥಿತ ವಿವರಣೆಯನ್ನು ಅಮೆರಿಕದ ಲಿನ್‌ಶೈಡ್, ಡಾಬಿನ್ಸ್ ಮತ್ತು ಸಂಗಡಿಗರು ಕೊಟ್ಟದ್ದು 1972ರಲ್ಲಿ.

ಒಳಗೆ ಇಣುಕುವ ದಾರಿ ಜಪಾನಿನಿಂದ ಬಂತು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ, ಮೂತ್ರಕೋಶ ನೋಡುವ ನಳಿಕೆಯನ್ನೇ ಶವದ ಮೊಣಕಾಲಿಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವತನಾಬೆ ಸಣ್ಣ ಕೀಲುಗಳಿಗೂ ಹೊಂದುವ ತೆಳು ದರ್ಶಕ ರೂಪಿಸಿದರು. ಅದಕ್ಕೆ ಕ್ಯಾಮೆರಾ ಸೇರಿದ ಮೇಲೆ ಕೀಲಿನ ಒಳಗು ಟಿ.ವಿ. ಪರದೆಗೇ ಬಂತು. ನಮ್ಮ ಕಸುಬಿನ ಯಂತ್ರ ಇಷ್ಟು ಉಪಯುಕ್ತವಾದದ್ದು ಅಪರೂಪ!

1996ರಲ್ಲಿ ಗೈಸ್ಲರ್ ಮತ್ತು ಸಂಗಡಿಗರು ಹೀಗೆ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಮುರಿತ ಕೀಲಿನೊಳಕ್ಕೂ ಹಬ್ಬಿದ್ದ 60 ರೋಗಿಗಳಲ್ಲಿ 41 ಮಂದಿಗೆ ಮೃದು ಅಂಗಾಂಶದ ಗಾಯವೂ ಇತ್ತು! ಅವರು ಲಿಗಮೆಂಟ್ ಗಾಯವನ್ನು 4 ದರ್ಜೆಗಳಾಗಿ ವಿಂಗಡಿಸಿದರು. ಬರೀ ಹಿಗ್ಗಿದ್ದರೆ ಅಲುಗಾಡದಂತೆ ಕಟ್ಟಿದರೆ ಸಾಕು. ಭಾಗಶಃ ಹರಿದು ಮೂಳೆಗಳು ಸರಿದಿದ್ದರೆ ಅವನ್ನು ಕೂಡಿಸಿ ತೆಳು ಲೋಹದ ತಂತಿ ತೂರಿಸಬೇಕು. ಪೂರ್ತಿ ಹರಿದಿದ್ದರೆ ಕೊಯ್ದು ಹೊಲಿಯಬೇಕು. ಮುರಿದ ರೇಡಿಯಸ್ಸಿಗೆ ತಿರುಪು ಬಿಗಿದ ಲೋಹದ ಪಟ್ಟಿ ಬೇರೆ.

ಆದರೆ ಪರದೆಯಲ್ಲಿ ಕಂಡ ಪ್ರತಿ ಹರಿತಕ್ಕೂ ಶಸ್ತ್ರಚಿಕಿತ್ಸೆ ಬೇಕೇ? ಚಿಕ್ಕವು ಪ್ಲಾಸ್ಟರ್‌ನೊಳಗೆ ತಾವೇ ಮಾಯುವುದುಂಟು. ಎಲ್ಲಿ ಗೆರೆ ಎಳೆಯಬೇಕೆಂಬ ಬಗ್ಗೆ ಶಸ್ತ್ರವೈದ್ಯರಲ್ಲಿ ಇನ್ನೂ ಒಮ್ಮತವಿಲ್ಲ.