ವ್ಯಾಪಾರದ ದತ್ತಾಂಶ: ಕ್ಲೌಡ್ ಮತ್ತು ಸಾಮಾಜಿಕ ಜಾಲತಾಣಗಳಲ್ಲಿ ಕಾಪಾಡಿಕೊಳ್ಳುವುದು ಹೇಗೆ?

ಮೂಡಲಗಿ: ಹಿಂದೆ ಅಂಗಡಿಯ ಲೆಕ್ಕವೆಲ್ಲ ಕಿರ್ದಿ ಪುಸ್ತಕದಲ್ಲಿ ಇರುತ್ತಿತ್ತು. ಪುಸ್ತಕ ತಿಜೋರಿಯಲ್ಲಿ, ಕೀಲಿಕೈ ಯಜಮಾನರ ಬಳಿ. ಈಗ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಗಳಲ್ಲೂ ಉದ್ರಿ ಲೆಕ್ಕ, ಜಿಎಸ್‌ಟಿ ಬಿಲ್ಲು, ಗ್ರಾಹಕರ ಮೊಬೈಲ್ ಸಂಖ್ಯೆ ಎಲ್ಲವೂ ಗೂಗಲ್ ಡ್ರೈವ್, ವಾಟ್ಸ್‌ಆ್ಯಪ್ ಸೇರುತ್ತಿವೆ. ತಿಜೋರಿ ಬದಲಾಗಿದೆ; ಅದರ ಕೀಲಿಕೈ ಯಾರ ಬಳಿ ಇದೆ ಎಂಬುದನ್ನು ಪ್ರತಿಯೊಬ್ಬ ವ್ಯಾಪಾರಿಯೂ ತಿಳಿದಿರಬೇಕು.

ಕ್ಲೌಡ್ ಎಂದರೇನು?

ಇಂಟರ್ನೆಟ್ ಮೂಲಕ ನಾವು ಬಳಸುವ ಬೇರೊಬ್ಬರ ಕಂಪ್ಯೂಟರೇ ಕ್ಲೌಡ್. ಯಂತ್ರ ನೋಡಿಕೊಳ್ಳುವುದು ಕಂಪನಿಯ ಹೊಣೆ. ಪಾಸ್‌ವರ್ಡ್ ಯಾರ ಬಳಿ ಇರಬೇಕು, ಯಾವ ಕಡತ ಯಾರಿಗೆ ಕಾಣಬೇಕು ಎಂಬುದು ನಮ್ಮ ಹೊಣೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಅನೇಕ ಗ್ರಾಹಕರ ದಾಖಲೆಗಳು ಮರಳಿ ಸಿಗಲಿಲ್ಲ.

ಪ್ರತಿಗಳನ್ನು ಇಡುವ ಕ್ರಮ

ಮುಖ್ಯ ಲೆಕ್ಕದ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಅಂಗಡಿಯ ಹೊರಗಿರಲಿ. ಕಂಪ್ಯೂಟರ್ ಜೊತೆ ಜೋಡಿಸಿದ ಡ್ರೈವ್ ಒಂದನ್ನೇ ನಂಬಬಾರದು: ಇಲ್ಲಿ ಅಳಿಸಿದ ಕಡತ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಕಡತ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಉಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಹಾರ್ಡ್ ಡಿಸ್ಕ್‌ಗೆ ಪ್ರತಿ ಮಾಡಿ, ತಂತಿ ಬಿಚ್ಚಿ ಮನೆಯಲ್ಲಿಡಿ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು ಎಂಬುದೂ ನೆನಪಿರಲಿ.

ಖಾತೆ ಯಾರ ಹೆಸರಿನಲ್ಲಿದೆ?

ಅಂಗಡಿಯ ಜಿಮೇಲ್, ಫೇಸ್‌ಬುಕ್ ಪುಟಗಳನ್ನು ಕೆಲಸದ ಹುಡುಗನ ಮೊಬೈಲ್ ಸಂಖ್ಯೆಯಿಂದ ತೆರೆದಿದ್ದರೆ, ಅವನು ಕೆಲಸ ಬಿಟ್ಟ ದಿನ ಕೀಲಿಕೈಯೂ ಅವನ ಜೊತೆ ಹೋಗುತ್ತದೆ. ಖಾತೆ ಅಂಗಡಿಯ ಹೆಸರಿನಲ್ಲಿರಲಿ, ಮರುಪಡೆಯುವ ಸಂಖ್ಯೆ ಮಾಲೀಕರದ್ದಿರಲಿ. ಫೇಸ್‌ಬುಕ್ ಪುಟದ ಪೂರ್ಣ ಅಧಿಕಾರ ಮನೆಯ ಇಬ್ಬರಿಗಾದರೂ ಇರಲಿ. ನೌಕರರು ಬಿಟ್ಟ ದಿನವೇ ಪಾಸ್‌ವರ್ಡ್ ಬದಲಿಸಿ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಕೊಳ್ಳಿ. ಜೋಡಿಸಿದ ಸಾಧನಗಳ ಪಟ್ಟಿಯನ್ನು ಆಗಾಗ ನೋಡಿ. 6 ಅಂಕಿಯ ಕೋಡ್ ಯಾರು ಕೇಳಿದರೂ ಹೇಳಬೇಡಿ. ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ಎಪಿಕೆ ಕಡತ ಬಂದರೆ, ಪರಿಚಿತರ ಸಂಖ್ಯೆಯಿಂದಲೇ ಬಂದಿದ್ದರೂ ತೆರೆಯಬೇಡಿ. ಮೊದಲು ಅವರಿಗೆ ಫೋನ್ ಮಾಡಿ ಕೇಳಿ.

ಗ್ರಾಹಕರ ಮಾಹಿತಿ

ಗ್ರಾಹಕರ ಆಧಾರ್ ಚಿತ್ರವನ್ನು ಗ್ರೂಪ್‌ಗೆ ಹಾಕುವುದು, ಲಿಂಕ್ ಸಿಕ್ಕ ಯಾರಿಗೂ ಉದ್ರಿ ಪಟ್ಟಿ ತೆರೆಯುವಂತೆ ಬಿಡುವುದು ಸಲ್ಲದು. ಒಪ್ಪಿಗೆ ಪಡೆದು, ಹೇಳಿದ ಕೆಲಸಕ್ಕಷ್ಟೇ ಮಾಹಿತಿ ಬಳಸಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲತತ್ವ. ಆಧಾರ್ ಬೇಕೇಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಪಡೆಯಿರಿ.

ಮೋಸವಾದರೆ

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಖಾತೆ ಕೈತಪ್ಪಿದ್ದರೆ ಅದೇ ದಿನ ಗ್ರಾಹಕರಿಗೆ ತಿಳಿಸಿ. ಇಲ್ಲವಾದರೆ ನಿಮ್ಮ ಹೆಸರಿನಲ್ಲೇ ಅವರಿಂದ ಹಣ ಕೇಳುತ್ತಾರೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧ.

ಇಂದು ರಾತ್ರಿ ಅಂಗಡಿ ಮುಚ್ಚುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮೊಬೈಲ್ ಈಗಲೇ ಕಳೆದರೆ, ನಾಳೆ ಬೆಳಿಗ್ಗೆ ಉದ್ರಿ ಲೆಕ್ಕ ನನ್ನ ಕೈಗೆ ಸಿಗುತ್ತದೆಯೇ? ಇಲ್ಲ ಎಂದಾದರೆ, ಮೊದಲ ಪ್ರತಿಯನ್ನು ಇಂದೇ ಮಾಡಿ.